ಸೋಪು ಹಾಕಿದರೆ ಕಪ್ಪಾಗುವ ಬಟ್ಟೆ

ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಸರದಿ. ತುಡಿಯಲೂರಿನ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಬಂದ ದಿನ ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸಬೇಕು. ತುಂಬಿಸಿದೆ. ನಮ್ಮವರಿಗೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಅವರ ಡಬ್ಬಿಗೆ ಚಿತ್ರಾನ್ನ ಹಾಕಿ, ಹಪ್ಪಳ ಮುರಿಯದ ಹಾಗೆ ಮುಚ್ಚಳದ ಕೆಳಗೆ ಓರೆಯಾಗಿಟ್ಟೆ. ಮಗಳಿಗೆ ಎರಡು ಜಡೆ ಹೆಣೆದೆ. ಒಂದು ಸ್ವಲ್ಪ ಮೇಲಾಯಿತು, ಬಿಚ್ಚಿ ಮತ್ತೆ ಹಾಕುವಷ್ಟು ಹೊತ್ತಿರಲಿಲ್ಲ. ಕೈಚೀಲದಲ್ಲಿ ಎರಡು ಪೆನ್ನು ಇವೆಯೇ ಎಂದು ನೋಡಿಕೊಂಡು ಬಸ್ಸು ಹತ್ತಿದೆ. ಅದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಇಸವಿ ಸರಿಯಾಗಿ ನೆನಪಿಲ್ಲ, ಜಡೆ ಮೇಲಾಗಿದ್ದು ಮಾತ್ರ ನೆನಪಿದೆ. ನನ್ನ ನೆನಪೇ ಹಾಗೆ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಕೊಯಮತ್ತೂರಿಗೆ ಬಂದ ಗೃಹಿಣಿ. ಕೀಲು, ಮಾಂಸಖಂಡ, ಅವುಗಳ ಸುತ್ತಲಿನ ಮೆತ್ತನೆಯ ಭಾಗಗಳ ಕಾಯಿಲೆಗಳನ್ನು ನೋಡುವ ಡಾಕ್ಟರಮ್ಮ ಒಬ್ಬರು ಊರಿನಲ್ಲಿ ಚಿಕ್ಕದೊಂದು ಕ್ಲಿನಿಕ್ಕು ನಡೆಸುತ್ತಿದ್ದರು. ರೋಗಿ ಒಳಗೆ ಹೋಗುವ ಮೊದಲು ಅವರ ಕಥೆ ಕೇಳಿ ಬರೆದಿಡಲು ಒಬ್ಬರು ಬೇಕಾಗಿತ್ತು. ನನ್ನನ್ನು ತೆಗೆದುಕೊಂಡದ್ದು ಕೈಬರಹ ನೋಡಿ. ಕನ್ನಡ ಉಪಯೋಗಕ್ಕೆ ಬಂದದ್ದು ಆಮೇಲೆ. ಆ ಕಡೆ ತಲೆಮಾರುಗಳಿಂದ ನೆಲೆಸಿದ ಕನ್ನಡದ ನೇಕಾರ ಮನೆತನಗಳು ಬಹಳ. ಹೊರಗೆಲ್ಲ ತಮಿಳೇ ಆಡುತ್ತಾರೆ. ನೋವು ಹೇಳುವಾಗ ಮಾತ್ರ ಮನೆಯ ಮಾತು ಬಾಯಿಗೆ ಬರುತ್ತದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದು, "ಆಂಟಿ, ಏನೇನು ಕಲಿತಿರಬೇಕು?" ಎಂದು ಕೇಳುತ್ತಾರೆ. ಏನು ಹೇಳಲಿ? ಕೆಲಸ ಬಿಡುವ ದಿನದವರೆಗೂ ನನಗೆ ಅರ್ಥವಾದದ್ದಕ್ಕಿಂತ ಗೊಂದಲವಾದದ್ದೇ ಹೆಚ್ಚು. ಜ್ವರಕ್ಕೆ ಥರ್ಮಾಮೀಟರ್ ಇದೆ. ಈ ಕಾಯಿಲೆಗಳು ಹಾಗಲ್ಲ. ಒಬ್ಬರಿಗೆ ಬಾಯಿ ಒಣಗುತ್ತದೆ, ಇನ್ನೊಬ್ಬರಿಗೆ ಬೆರಳು ಬೆಳ್ಳಗಾಗುತ್ತದೆ, ಮತ್ತೊಬ್ಬರಿಗೆ ಸುಮ್ಮನೆ ಸುಸ್ತು. ಮನೆಯವರೆಲ್ಲ ಸೋಮಾರಿತನ ಎಂದು ತೀರ್ಮಾನಿಸಿದ ಎಷ್ಟೋ ವರ್ಷಕ್ಕೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಮ್ಮಲ್ಲಿ ಒಂದು ರಸ್ಕಿನ ಡಬ್ಬಿ ಇತ್ತು. ಉಪಚಾರಕ್ಕೆ ಇಟ್ಟಿದ್ದಾರೆ ಎಂದುಕೊಂಡು ನಾನು ಮೊದಮೊದಲು ಜೊತೆಗೆ ನೀರಿನ ಲೋಟವನ್ನೂ ಕೊಡುತ್ತಿದ್ದೆ. "ಅಯ್ಯೋ, ನೀರು ಕೊಡಬೇಡಮ್ಮ! ನೀರಿಲ್ಲದೆ ನುಂಗಲು ಆಗುತ್ತದೋ ಇಲ್ಲವೋ ಅಂತ ನೋಡೋದಕ್ಕೇ ಅದನ್ನ ಇಟ್ಟಿರೋದು," ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡರು. ಅದುವರೆಗೆ ಎಷ್ಟು ಒಣ ಬಾಯಿಗಳಿಗೆ ನಾನು ನೀರು ಕೊಟ್ಟು ಕಾಯಿಲೆ ಮುಚ್ಚಿಹಾಕಿದ್ದೆನೋ!

ಡಾಕ್ಟರಮ್ಮನದು ಎರಡು ಕಟ್ಟಳೆ. ಒಂದು, ರೋಗಿ ಹೇಳಿದ ಹಾಗೇ ಬರೆಯಬೇಕು. ಇದನ್ನು ಕಲಿತದ್ದು ನೂಲಿನ ಮಿಲ್ಲಿನ ಹುಡುಗಿಯೊಬ್ಬಳಿಂದ. ಕೈ ಮೇಲಕ್ಕೆ ಹೋಗುವುದಿಲ್ಲ ಎಂದಳು, ನಾನು 'ಭುಜದ ನೋವು' ಎಂದು ಬರೆದೆ. ಒಳಗಿನಿಂದ ಕರೆ ಬಂತು. "ನೋವು ಅಂತ ಅವಳು ಹೇಳಿದಳಾ?" ಹೇಳಿರಲಿಲ್ಲ. ಅವಳ ಮಾಂಸಖಂಡಗಳಲ್ಲೇ ಬಲ ಇಂಗಿಹೋಗುತ್ತಿತ್ತು. ನೋವು ಎಳ್ಳಷ್ಟೂ ಇರಲಿಲ್ಲ. ಅವಳ ಜಡೆಯ ಮಲ್ಲಿಗೆ ಹಿಂಭಾಗದಲ್ಲಿ ನಟ್ಟ ನಡುವೆ ನೇರವಾಗಿ ಕೂತಿದ್ದನ್ನು ನಾನು ನೋಡಿದ್ದೆ. ತಾನೇ ಮುಡಿದ ಹೂವು ಅಷ್ಟು ನೇರ ಕೂರುವುದಿಲ್ಲ, ಬೇರೆ ಯಾರೋ ಮುಡಿಸಿದ್ದಾರೆ ಎಂದೂ ಅಂದುಕೊಂಡಿದ್ದೆ. ಅದನ್ನು ಬರೆಯಬಹುದು ಎಂದೇ ಹೊಳೆಯಲಿಲ್ಲ.

ಎರಡನೆಯ ಕಟ್ಟಳೆ, ಜೊತೆಗೆ ಬಂದವರ ಮಾತು ಬೇಡ. ಬರೆಯಲು ಹೋದರೆ ಅತ್ತೆ ಸೊಸೆ ಜಗಳದಿಂದ ಹಿಡಿದು ಹಸು ಕರು ಹಾಕಿದ್ದರವರೆಗೆ ಎಲ್ಲವೂ ಬರುತ್ತದೆ. ಈ ಎರಡು ಕಟ್ಟಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಏನು ಮಾಡಬೇಕು ಎಂದು ಅವರು ಹೇಳಿರಲಿಲ್ಲ.

ಆ ದಿನ ಹನ್ನೊಂದಕ್ಕೆ ರಾಮಲಿಂಗಣ್ಣ ಬಂದರು. ಮೂರನೆಯ ಭೇಟಿ. ಮೂಲ ನೆಗಮ ಎಂಬ ಊರಿನ ನೇಕಾರ ಮನೆ. ಮಗ್ಗ ಬಿಟ್ಟು ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದರು. ಬಣ್ಣಕ್ಕೆ ಅಲ್ಲಿ ಎಲ್ಲರೂ 'ಸಾಯ' ಎನ್ನುತ್ತಾರೆ, ನಾನೂ ಹಾಗೇ ಅನ್ನತೊಡಗಿದ್ದೆ. ಐವತ್ತೂ ಆಗಿರಲಿಲ್ಲ, ಬೆನ್ನು ಮಾತ್ರ ಹಲಗೆ. ಯಾರಾದರೂ ಕರೆದರೆ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಮಂಡಿಗಳೂ ಹೋಗುತ್ತಿದ್ದವು. ಬೇರೆಲ್ಲೋ ಬೆನ್ನಿನ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದರು. ನಮ್ಮ ಡಾಕ್ಟರಮ್ಮ ಬೆನ್ನುಮೂಳೆ ಒಂದಕ್ಕೊಂದು ಬೆಸೆದುಕೊಳ್ಳುವ ಇನ್ನೊಂದು ಕಾಯಿಲೆ ಎಂದು ಶಂಕಿಸಿ ಔಷಧಿ ಕೊಟ್ಟಿದ್ದರು. ಯಾವುದೂ ಕೇಳಿರಲಿಲ್ಲ.

ಮೊದಲ ಭೇಟಿಯಲ್ಲೇ ನಾನು ಅವರ ಕಿವಿ ನೋಡಿದ್ದೆ. ಹಾಲೆಯ ಮೇಲೆ ಶಾಯಿ ಒರೆಸಿದಂಥ ನೀಲಿಗಪ್ಪು. ಅಂಗಿಯ ಕಂಕುಳಲ್ಲಿ ಕಂದು ಕಲೆ. ಉಗುರಿನ ಸಂದಿಯಲ್ಲಂತೂ ನಿಜವಾದ ಸಾಯವೇ ಇತ್ತು. 'ಸಾಯದ ಕೆಲಸ, ಕಿವಿ, ಬಟ್ಟೆಯ ಮೇಲೆ ಬಣ್ಣದ ಕಲೆ' ಎಂದು ಚೆಂದದ ಅಕ್ಷರದಲ್ಲಿ ಬರೆದೆ.

ಎರಡನೆಯ ಸಲ ಮೂತ್ರ ಪರೀಕ್ಷೆಗೆಂದು ಮನೆಯಿಂದಲೇ ಬಾಟಲಿಯಲ್ಲಿ ತಂದಿದ್ದರು. ಬಿಗಿದ ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಲ್ಯಾಬಿನ ಸೆಲ್ವಿ ಅದನ್ನು ಎತ್ತಿ ಹಿಡಿದು, "ಅಕ್ಕಾ, ಸಾಯದ ಡಬ್ಬಾದಲ್ಲೇ ಹಿಡಿದು ತಂದವ್ರೆ, ಪಾರುಂಗ, ನೋಡಿ," ಎಂದು ನಕ್ಕಳು. "ತೊಳೆದ ಬಾಟಲ್ ತರಬೇಕಲ್ವಾ ಅಣ್ಣ?" ಎಂದು ನಾನೂ ಗದರಿದೆ. ಪಾಪ, ಅವರು ಕೈ ಮುಗಿದರು. ಅದನ್ನು ಚೆಲ್ಲಿಸಿದ ಮೇಲೆ ನಮ್ಮದೇ ಬಾಟಲಿಯಲ್ಲಿ ಹೊಸದಾಗಿ ಕೊಟ್ಟರು. ತಿಳಿಯಾದ ಹಳದಿ, ಎಲ್ಲ ಸರಿಯಾಗಿದೆ ಎಂದು ವರದಿ. ಸಂಜೆ ಟ್ರೇ ತೊಳೆಯುವಾಗ ಉಳಿದದ್ದು ಮೇಲಿನಿಂದ ಕಪ್ಪಾಗಿತ್ತು. "ಈ ಬಾಟಲ್ಲೂ ಸರಿಯಾಗಿ ತೊಳೆದಿಲ್ಲ ನೀನು," ಎಂದು ಸೆಲ್ವಿಗೆ ಹೇಳಿ ಚೆಲ್ಲಿಸಿದೆ. ಒಂದೇ ದಿನದಲ್ಲಿ ಎರಡು ಸಲ ಉತ್ತರವನ್ನು ಬಚ್ಚಲಿಗೆ ಚೆಲ್ಲಿದವಳು ನಾನು. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರು. ತಿರುಪ್ಪೂರಿನವರ ಮೈಮೇಲೆ ಬಣ್ಣ ಕಂಡರೆ ಯಾರು ಬೆಚ್ಚುತ್ತಾರೆ?

ಮೂರನೆಯ ಸಲ ಅವರ ಜೊತೆ ಹೆಂಡತಿ ಸೌಡಮ್ಮ, ಸೊಸೆ ಕೋಕಿಲ, ಕೋಕಿಲಳ ತೋಳಿನಲ್ಲಿ ಎಂಟು ತಿಂಗಳ ಹೆಣ್ಣು ಮಗು. ಕೋಕಿಲಳ ಕಾಲ ಬಳಿ ಜಿಪ್ಪು ಮುಚ್ಚಲಾಗದಷ್ಟು ತುಂಬಿದ ಬಟ್ಟೆಯ ಚೀಲ. ಸಂದಿಯಿಂದ ಮಗುವಿನ ಬೆಳ್ಳಿ ಬಟ್ಟಲಿನ ಅಂಚು ಕಾಣುತ್ತಿತ್ತು. ಒಂದು ದಿನದ ಆಸ್ಪತ್ರೆಗೆ ಬೆಳ್ಳಿ ಬಟ್ಟಲು ಯಾಕೆ?

"ಎಲ್ಲಿಗಾದರೂ ಹೊರಟಿದ್ದೀರಾ?" ಎಂದೆ.

"ಇವ್ಳು ಧಾರಾಪುರಕ್ಕೆ ಹೊಂಟವ್ಳೆ," ಎಂದರು ಸೌಡಮ್ಮ. "ಅಮ್ಮನ ಮನೆಗೆ. ಇಲ್ಲಿ ಮುಗೀತಿದ್ದಂಗೆ ಬಸ್ ಹತ್ತಿಸ್ತೀನಿ. ಬಟ್ಟೆ ಒಗೆಯೋದು ಕಲ್ತ್‌ಕೊಂಡು ಬರ್ಲಿ. ಎಷ್ಟು ದಿನ ಆದ್ರೂ ಆಗ್ಲಿ."

ರಾಮಲಿಂಗಣ್ಣ ಗೋಡೆಯ ಕಡೆ ನೋಡಿದರು. ಧಾರಾಪುರದ ಆ ಮನೆ ಅವರ ಒಡಹುಟ್ಟಿದ ತಂಗಿಯದು. ತಂಗಿಯ ಮಗಳನ್ನೇ ಮಗನಿಗೆ ತಂದುಕೊಂಡಿದ್ದರು.

"ಬಟ್ಟೆ ಒಗೆಯೋದಾ?" ಎಂದೆ. ಕೇಳಬಾರದಿತ್ತು, ಎರಡನೆಯ ಕಟ್ಟಳೆ.

"ಮಗೀನ ಬಟ್ಟೆ ನೋಡಿ ಅಮ್ಮಣಿ! ಎಲ್ಲಾ ಕರ್ರಗೆ. ಸಾಯದ ಬಟ್ಟೆ ಬೇರೆ ತೊಟ್ಟಿ, ಮಗೀನ ಬಟ್ಟೆ ಬೇರೆ ತೊಟ್ಟಿ ಅಂತ ಬಡ್ಕೊಂಡೆ. ಬೀದಿಯೋರು ಬಂದು ಬಟ್ಟೆ ಒಣಗೋ ಹಗ್ಗದ ಮೇಲೆ ನೋಡಿ ನಗ್ತವ್ರೆ. ಇವ್ಳು ಎರಡನ್ನೂ ಒಂದ್ರಲ್ಲೇ ಅದ್ದೋದು, ಕೇಳಿದ್ರೆ ಸುಳ್ಳು ಹೇಳೋದು."

"ನಾನು ಸುಳ್ಳು ಹೇಳಿಲ್ಲ ಅತ್ತೆ."

"ಹೇಳು ಹಂಗಾರೆ, ಇವರ ಮುಂದೂ ಹೇಳು!"

ಕೋಕಿಲ ನನ್ನ ಕಡೆ ತಿರುಗಿದಳು. ಇಪ್ಪತ್ತೂ ದಾಟಿರಲಿಲ್ಲವೇನೋ. ಸೋಪಿನಿಂದ ಬೆರಳ ತುದಿಗಳು ಬಿರಿದಿದ್ದವು. "ಅಕ್ಕ, ಒದ್ದೆ ಮಾಡಿದಾಗ ಬೆಳ್ಳಗೇ ಇರ್ತದೆ. ಸೋಪ್ ಹಾಕಿದ ಮ್ಯಾಲೆ ಕರ್ರಗಾಗ್ತದೆ. ಜಾಸ್ತಿ ಹಾಕಿದ್ರೆ ಜಾಸ್ತಿ ಕರ್ರಗೆ."

"ಕೇಳಿದ್ರಾ ಬುದ್ಧಿಮಾತು! ಸೋಪ್ ಹಾಕಿದ್ರೆ ಕೊಳೆಯಾಗ್ತದಂತೆ! ಇನ್ಮೇಲೆ ಪಾತ್ರೆಯೆಲ್ಲಾ ಬೂದಿ ಬಿಟ್ಟು ಕಾಡಿಗೆಯಲ್ಲಿ ಬೆಳಗನಾ?"

ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಸೆಲ್ವಿ ನಕ್ಕಳು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಹೊಸಬರಿಗಾಗಿ ಬರೆಯುವಾಗ ನನ್ನ ನಗುವನ್ನು ಮಾತ್ರ ಅಳಿಸುವುದು ಸರಿಯಲ್ಲ.

ನಕ್ಕಮೇಲೆ ಪೆನ್ನು ಕೈಯಲ್ಲೇ ನಿಂತಿತು. ಮಗಳು ಚಿಕ್ಕವಳಿದ್ದಾಗ ನಾನೂ ಕಂತೆ ಕಂತೆ ಬಟ್ಟೆ ಒಗೆದವಳು. ಬಣ್ಣ ತಾಗಿದ ಬಟ್ಟೆ ಒದ್ದೆಯಿದ್ದಾಗಲೇ ಕಾಣುತ್ತದೆ, ಸೋಪು ಹಾಕಿದರೆ ಸ್ವಲ್ಪವಾದರೂ ಬಿಡುತ್ತದೆ. ಇವಳು ಹೇಳುವುದು ತಿರುಗಾ ಮುರುಗಾ. ಸುಳ್ಳು ಹೇಳುವವರು ನಂಬುವಂಥ ಸುಳ್ಳನ್ನಲ್ಲವೇ ಹೇಳುವುದು? ಬರೆಯಲೋ ಬೇಡವೋ? ಮಗು ರೋಗಿಯಲ್ಲ. ಮಾತು ಕಾಯಿಲೆಯದಲ್ಲ. ಬರೆದರೆ ಬೈಗುಳ, ಬಿಟ್ಟರೆ ಏನೋ ಮುಳ್ಳು. ಕೊನೆಗೆ ಹಾಳೆಯ ಅಡಿಯಲ್ಲಿ, ಕಂಡರೂ ಕಾಣದ ಹಾಗೆ ಚಿಕ್ಕದಾಗಿ ಬರೆದೆ: 'ಮೊಮ್ಮಗಳ ಬಟ್ಟೆ ಸೋಪು ಹಾಕಿದ ಮೇಲೆ ಕಪ್ಪಾಗುತ್ತದೆ ಎಂದು ಸೊಸೆ ಹೇಳುತ್ತಾಳೆ.'

ಒಳಗೆ ಡಾಕ್ಟರಮ್ಮ ಹಾಳೆ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಇದು ಯಾಕೆ ಬರೆದೆ?"

"ಸಾರಿ ಡಾಕ್ಟರ್. ಹೊಡೆದುಹಾಕಿಬಿಡ್ತೀನಿ."

"ಹೊಡೆದುಹಾಕಿದರೆ ನಿನ್ನ ಕೈಗೇ ಹೊಡೀತೀನಿ. ಎಲ್ಲರನ್ನೂ ಒಳಗೆ ಕರಿ. ಮಗೂನೂ."

ಆಮೇಲೆ ನಡೆದದ್ದರಲ್ಲಿ ಅರ್ಧ ನನಗೆ ಆಗ ತಿಳಿಯಲಿಲ್ಲ. ಅವರು ರಾಮಲಿಂಗಣ್ಣನ ಕಿವಿಯನ್ನು ಸ್ಪಿರಿಟ್ ಹತ್ತಿಯಿಂದ ತಿಕ್ಕಿದರು. ಹತ್ತಿ ಬೆಳ್ಳಗೇ ಇತ್ತು. ಕಣ್ಣಿನ ಬಿಳಿಯಲ್ಲಿದ್ದ ಕಂದು ಚುಕ್ಕೆಗಳ ಮೇಲೆ ಟಾರ್ಚ್ ಬಿಟ್ಟರು. ಹಳೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು; ಬೆನ್ನಿನ ಎಲುಬು ಎಲುಬಿನ ನಡುವೆ ಸುಣ್ಣದ ಬಿಲ್ಲೆಯಿಟ್ಟ ಹಾಗೆ ಬಿಳಿ ಪಟ್ಟಿಗಳು. ಮೂತ್ರ ಹಿಡಿದು ತರಲು ಹೇಳಿ, ನಮ್ಮ ಕಣ್ಣೆದುರೇ ಎರಡು ಗಾಜಿನ ನಳಿಕೆಗೆ ಸುರಿಸಿದರು. ಒಂದಕ್ಕೆ ಸೆಲ್ವಿ ಕಾಸ್ಟಿಕ್ ಸೋಡಾ ದ್ರಾವಣದ ಕೆಲವು ಹನಿ ಹಾಕಿದಳು. ಸೋಪಿನಲ್ಲೂ ಅದೇ ಜಾತಿಯ ಕ್ಷಾರ ಇರುವುದಂತೆ. ಒಂದು ನಳಿಕೆ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಮೇಲಿನಿಂದ ಕಂದಾಗಿ, ನಾವು ನೋಡುತ್ತಿದ್ದಂತೆಯೇ ಕಪ್ಪಾಗುತ್ತಾ ಇಳಿಯಿತು. ಮಗು ಅಷ್ಟರಲ್ಲಿ ಒದ್ದೆ ಮಾಡಿಕೊಂಡಿದ್ದ ಬಟ್ಟೆಯ ಒಂದು ಮೂಲೆಗೂ ಒಂದು ಹನಿ ಬಿಟ್ಟರು. ಅಲ್ಲೂ ಹಾಗೇ.

ಮಗು ನಳಿಕೆಗೆ ಕೈ ಚಾಚಿತು.

"ಪುಸ್ತಕದಲ್ಲಿ ಮಾತ್ರ ಓದಿದ್ದೆ," ಎಂದರು ಡಾಕ್ಟರಮ್ಮ ನನಗೆ. "ಕಿವಿ ಕಣ್ಣೆದುರೇ ಇತ್ತು. ತಿರುಪ್ಪೂರು ಅಂದ ಕೂಡಲೇ ನಾನೂ ಸಾಯ ಅಂದುಕೊಂಡೆ. ಕ್ಷಯ ಅಂದವರನ್ನ ಹೇಗೆ ಬೈಲಿ?" ಮೇಲಿನವರು ಕೆಳಗಿನವರ ಮುಂದೆ ಹೀಗೆ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ.

ಕಾಯಿಲೆಯ ಹೆಸರು ಅಲ್ಕ್ಯಾಪ್ಟೊನ್ಯೂರಿಯ. ಅದನ್ನು ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಡವರಿಸಿದೆ. ಊಟದಲ್ಲಿರುವ ಒಂದು ಅಂಶವನ್ನು ಇವರ ಮೈ ಪೂರ್ತಿ ಜೀರ್ಣಿಸಲಾರದು. ಮಿಕ್ಕದ್ದು ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಕಿವಿ, ಬೆನ್ನು, ಮಂಡಿಯ ಮೆದು ಎಲುಬಿನಲ್ಲಿ ಕೂತು ಕಪ್ಪಾಗಿ ಗಟ್ಟಿಯಾಗುತ್ತದೆ. ಹುಟ್ಟಿದಾಗಲೇ ಬರುವುದು. ತಂದೆ ಕಡೆಯಿಂದ, ತಾಯಿ ಕಡೆಯಿಂದ, ಎರಡೂ ಕಡೆ ಸೇರಿದರೆ ಮಾತ್ರ ಬರುವುದು. ನೇರ ಮದ್ದು ಆಗ ನಮ್ಮ ಕೈಯಲ್ಲಿ ಇರಲಿಲ್ಲ. ಊಟದಲ್ಲಿ ಪಥ್ಯ, ವಿಟಮಿನ್ ಸಿ ಮಾತ್ರೆ, ಬೆನ್ನಿಗೆ ವ್ಯಾಯಾಮ, ಮುಂದೆ ಬೇಕಾದರೆ ಮಂಡಿಯ ಆಪರೇಷನ್. ಮಗುವಿಗೆ ನೋವು ಬರಲು ಬಹಳ ವರ್ಷವಿದೆ, ಅಲ್ಲಿಯವರೆಗೆ ನೋಡಿಕೊಳ್ಳುತ್ತಾ ಇರಬೇಕು. ಖಚಿತಪಡಿಸಲು ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ.

ಸೌಡಮ್ಮ ಹಿಡಿದದ್ದು ಒಂದನ್ನೇ. "ತಾಯಿ ಕಡೆಯಿಂದ ಅಂದ್ರಲ್ಲ? ಹಂಗಾರೆ ಇವ್ಳ ಅಮ್ಮನ ಮನೆ ದೋಷ."

"ಇವಳ ಅಮ್ಮ ಯಾರು?" ರಾಮಲಿಂಗಣ್ಣ ಇಡೀ ಮೈ ತಿರುಗಿಸಿ ಹೆಂಡತಿಯನ್ನು ನೋಡಿದರು. "ನನ್ ಕೂಡ ಹುಟ್ಟಿದವಳು. ನನ್ ಮನೆ ದೋಷ ಅನ್ನು."

"ನಿಮ್ಮನ್ನ ಯಾರೀಗ ಅಂದ್ರು?"

"ಅನ್ನು ಅಂತಿದೀನಿ. ಇಲ್ನೋಡು, ನನ್ದೂ ಕಪ್ಪೇ." ಅವರು ನಳಿಕೆಯ ಕಡೆ ಕೈ ತೋರಿಸಿದರು. ಆಮೇಲೆ ಯಾರಿಗೂ ಹೇಳದವರಂತೆ, "ಮನೇಲೇ ನೂಲಿಗೆ ಸಾಯ ಹಾಕ್ತಿದ್ವಿ. ನನ್ ಅಮ್ಮನೂ ನನ್ ಬಟ್ಟೆ ಒಗೆದು ಒಗೆದು ಎಷ್ಟು ಬೈಸಿಕೊಂಡ್ಳೋ," ಎಂದರು.

ಸೌಡಮ್ಮ ಮಗುವಿನ ಒದ್ದೆ ಬಟ್ಟೆಯನ್ನು ಮೇಜಿನಿಂದ ಎತ್ತಿಕೊಂಡು, ಹಿಂಡಿ, ಮಡಿಸಿ, ತಮ್ಮ ಚೀಲದೊಳಗೆ ಇಟ್ಟುಕೊಂಡರು. "ಗಾಜಿನಲ್ಲಿ ಏನ್ ಬೇಕಾದ್ರೂ ತೋರಿಸ್ತಾರೆ. ಒಂದು ವಾರ ಮಗೀನ ಬಟ್ಟೆ ನಾನೇ ಒಗೀತೀನಿ, ನನ್ ಕೈಯ್ಯಲ್ಲೇ. ಬೆಳ್ಳಗೆ ಬಂತಾ, ಇವ್ಳು ಧಾರಾಪುರಕ್ಕೆ. ಅಲ್ಲೀತನ್ಕ ಮನೇಲಿರ್ಲಿ." ಸೊಸೆಯ ಚೀಲದ ಒಂದು ಹಿಡಿಯನ್ನು ತಾವೇ ಹಿಡಿದರು. ಮುಖದ ಬಿಗಿ ಇನ್ನೂ ಸಡಿಲವಾಗಿರಲಿಲ್ಲ.

ಬಾಗಿಲಲ್ಲಿ ಕೋಕಿಲ ನನ್ನ ಬಳಿ ನಿಂತಳು. "ನೀವೂ ನಕ್ರಿ ಅಕ್ಕ," ಎಂದಳು ಮೆಲ್ಲಗೆ. "ಆದ್ರೂ ಬರೆದ್ರಿ."

ಅದು ಕೃತಜ್ಞತೆಯೋ ಆಕ್ಷೇಪಣೆಯೋ, ಇಂದಿಗೂ ನನಗೆ ಗೊತ್ತಿಲ್ಲ. ಕೇಳುವಷ್ಟರಲ್ಲಿ ಅತ್ತೆ ಕೂಗಿದರು, ಹೋದಳು.

ಕೆಲವು ವರ್ಷಕ್ಕೆ ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂತು. ನೋವು ಇದೆಯೇ, ಊತ ಇದೆಯೇ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ, ಎಲ್ಲಕ್ಕೂ ಒಂದೊಂದು ಚೌಕ. ಒಳ್ಳೆಯದೇ. ನಾನು ಮರೆಯುತ್ತಿದ್ದ ಎಷ್ಟೋ ಪ್ರಶ್ನೆಗಳನ್ನು ಅದು ಮರೆಯಲಿಲ್ಲ. ಆದರೆ ಸೊಸೆ ಹೇಳುತ್ತಾಳೆ ಎಂಬುದಕ್ಕೆ ಚೌಕವಿರಲಿಲ್ಲ. ಹೊಸ ಹುಡುಗಿಯರೇ, ಚೌಕ ತುಂಬಿಸಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಅದರಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಎಂದು ಮಾತ್ರ ನನ್ನನ್ನು ಕೇಳಬೇಡಿ. ಹೂವನ್ನು ಬಿಟ್ಟವಳು, ಬಟ್ಟೆಯನ್ನು ಬರೆದವಳು, ಎರಡೂ ನಾನೇ. ಯಾಕೆ ಹಾಗಾಯಿತು ಎಂಬುದಕ್ಕೆ ನನ್ನ ಬಳಿ ನಿಯಮವಿಲ್ಲ.

ರಾಮಲಿಂಗಣ್ಣ ಬಂದಿದ್ದ ಆ ದಿನ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಆದರೂ ಹೊರಗೆ ಏನೂ ಕಾಣಲಿಲ್ಲ. ಬೆಳಿಗ್ಗೆಯವರೆಗೆ ಅವರಿಗೆ ತಪ್ಪು ಕಾಯಿಲೆಯಿತ್ತು, ಅದಕ್ಕಾದರೆ ಮದ್ದಿತ್ತು. ಸಂಜೆಗೆ ಸರಿಯಾದ ಕಾಯಿಲೆ ಸಿಕ್ಕಿತು, ಅದಕ್ಕೆ ಮದ್ದಿಲ್ಲ. ನಗುತ್ತಾ ಆಡುತ್ತಿದ್ದ ಮಗುವನ್ನೂ ರೋಗಿ ಮಾಡಿ ಕಳಿಸಿದೆವು. ಇದರಲ್ಲಿ ಖುಷಿಪಡುವುದು ಏನಿದೆ? ಡಾಕ್ಟರಮ್ಮ ಖುಷಿಯಾಗಿದ್ದರು. ಸೆಲ್ವಿಗೂ ಟೀ ತರಿಸಿ ಕೊಟ್ಟಿದ್ದರು. ನಾನೂ ಕುಡಿದಿದ್ದೆ.

ಮನೆಗೆ ಬಂದು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ತಾರಸಿಯಲ್ಲಿ ರುಕ್ಮಣಿಯಕ್ಕ ಒಣಮೆಣಸಿನಕಾಯಿ ಒಟ್ಟು ಮಾಡುತ್ತಿದ್ದರು. ಅವರೂ ಆ ಊರಿನ ಹಳೆಯ ಕನ್ನಡದವರೇ. ಕಾಯಿಲೆ ಕಸಾಲೆಯ ಸುದ್ದಿಯೆಂದರೆ ಅವರಿಗೆ ಅಷ್ಟಕ್ಕಷ್ಟೇ. ಯಾರು, ಎಲ್ಲಿಯವರು ಎಂದು ಒಂದೂ ಹೇಳದೆ ಸುಮ್ಮನೆ ಕೇಳಿದೆ:

"ಅಕ್ಕ, ಮದ್ದೇ ಇಲ್ಲದ ಕಾಯಿಲೆಗೆ ಹೆಸರು ಕಂಡುಹಿಡಿದು ಏನು ಪ್ರಯೋಜನ?"

ರುಕ್ಮಣಿಯಕ್ಕ ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ, "ಏನೋ ಕಣಮ್ಮ, ನಂಗೇನ್ ಗೊತ್ತು," ಎಂದರು. "ಬೈಯಕ್ಕೆ ಮನೇಲಿ ಒಬ್ರನ್ನ ಹುಡುಕೋದಾದ್ರೂ ತಪ್ತದಲ್ಲ."